ಗಾಜಿನೊಳಗಣ ಕೆರೆ

ಸಿಗಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕರಾವಳಿಯ ಮಿತ್ರರಿಗೆ ಅಡಿಗೆಮನೆ ನೆನಪಾಗುವುದು ಸಹಜ. ಕುಂದಾಪುರದ ಕಡೆಯವರು ಅದನ್ನು ಚಟ್ಲಿ ಎಂದಾರು, ತುಳುವರು ಎಟ್ಟಿ ಎಂದಾರು. ಹೆಸರು ಯಾವುದಾದರೇನು, ಕಡೆಗೆ ಅದು ಸೇರುವುದು ಬಾಣಲೆಯನ್ನೇ. ಬಯಲುಸೀಮೆಯ ನಮ್ಮಲ್ಲಿ ಅನೇಕರಿಗಾದರೋ ಅದು ಸಂತೆಯಲ್ಲಿ ಒಣಗಿದ ರೂಪದಲ್ಲಿ ಸಿಕ್ಕುವ, ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುವ ಪದಾರ್ಥ. ನಾನು ಇಂದು ಮಾತನಾಡಹೊರಟಿರುವುದು ಆ ಸಿಗಡಿಯ ದೂರದ ನಂಟರೊಬ್ಬರನ್ನು ಕುರಿತು. ಇದು ಸಿಹಿನೀರಿನ ಪ್ರಾಣಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಹಣ್ಣಾದ ಚೆರಿಯ ಬಣ್ಣ. ಇದನ್ನು ಯಾರೂ ತಿನ್ನುವುದಕ್ಕಾಗಿ ಸಾಕುವುದಿಲ್ಲ, ನೋಡುವುದಕ್ಕಾಗಿ ಸಾಕುತ್ತಾರೆ.

ಸಾಕುವುದು ಗಾಜಿನ ತೊಟ್ಟಿಯಲ್ಲಿ. ಅದಕ್ಕೆ ಇಂಗ್ಲಿಷಿನಲ್ಲಿ ಟ್ಯಾಂಕ್ ಎನ್ನುತ್ತಾರೆ. ನಮ್ಮ ನಾಡನ್ನು ಆಳಿದ ಆಂಗ್ಲ ಅಧಿಕಾರಿಗಳು ಇದೇ ಶಬ್ದವನ್ನು ನಮ್ಮ ಕೆರೆಗಳಿಗೂ ಅನ್ವಯಿಸಿದರು. 1882ರಲ್ಲಿ ಬೆಂಗಳೂರಿನಲ್ಲಿ ನಿರ್ಮಾಣವಾದ ಕೆರೆ ಇಂದಿಗೂ ನಮ್ಮ ಬಾಯಲ್ಲಿ ಸ್ಯಾಂಕಿ ಟ್ಯಾಂಕ್ ಆಗಿಯೇ ಉಳಿದಿದೆ. ಮೇಜಿನ ಮೇಲಿನ ತೊಟ್ಟಿಗೂ ಊರ ಮುಂದಿನ ಕೆರೆಗೂ ಒಂದೇ ಹೆಸರೆಂದರೆ ಭಾಷೆಯ ಬಡತನವೆಂದು ನನ್ನಂಥ ಪಂಡಿತರು ಮೂಗು ಮುರಿಯಬಹುದು. ಸಿಗಡಿಗಳ ಸಹವಾಸವಾದಮೇಲೆ ಆ ಹೆಸರಿನಲ್ಲಿ ಒಂದು ಸತ್ಯವೇ ಅಡಗಿದೆಯೆಂದು ನನಗೆ ತೋರಿದೆ. ಆ ಮಾತಿಗೆ ಆಮೇಲೆ ಬರೋಣ.

ಈ ಸಿಗಡಿಯ ಮೂಲ ನೆಲೆ ಚೀನ ಮತ್ತು ತೈವಾನಿನ ತೊರೆಗಳು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬೂವಿಯೆ 1904ರಲ್ಲಿ ಇದನ್ನು ವರ್ಣಿಸಿದನು. ಇಂದು ಶಾಸ್ತ್ರಜ್ಞರು ಇದನ್ನು ನಿಯೋಕ್ಯಾರಿಡಿನಾ ಡೇವಿಡಿ ಎಂದು ಕರೆಯುತ್ತಾರೆ. ತೊರೆಯಲ್ಲಿ ಇದು ಕೆಂಪಾಗಿರುವುದಿಲ್ಲ. ಅಲ್ಲಿ ಅದರ ಮೈ ನೀರಿನ ಬಣ್ಣ, ಕೊಳೆತ ಎಲೆಯ ಬಣ್ಣ. ಶತ್ರುವಿನ ಕಣ್ಣಿಗೆ ಬೀಳದಂತೆ ಪ್ರಕೃತಿ ಹೊದಿಸಿದ ಕಂಬಳಿ. ತಲೆಮಾರು ತಲೆಮಾರಿಗೂ ಕೆಂಪು ಹೆಚ್ಚಿದ್ದವನ್ನೇ ಆರಿಸಿ ಬೆಳೆಸಿ ಮನುಷ್ಯ ಈ ಬಣ್ಣವನ್ನು ತಂದುಕೊಂಡಿದ್ದಾನೆ. ಹಳದಿ, ನೀಲಿ, ಕೆಂಪು ಎಂದು ಹಲವು ಬಣ್ಣದವನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕೆಲವೇ ಪೀಳಿಗೆಗಳಲ್ಲಿ ಮರಿಗಳು ಮತ್ತೆ ಆ ಹಳೆಯ ಕಂದುಬಣ್ಣಕ್ಕೇ ಹಿಂತಿರುಗುತ್ತವೆ.

ಸಣ್ಣ ಸಿಗಡಿಗಳಿಗೆ ಮನೆಯ ತೊಟ್ಟಿಯಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಜಪಾನಿನ ಛಾಯಾಚಿತ್ರಕಾರ ತಕಾಶಿ ಅಮಾನೊ ಮುಖ್ಯರು. ನೀರಿನೊಳಗೆ ಹಸುರು ವನಗಳನ್ನು ರಚಿಸುತ್ತಿದ್ದ ಅವರು 1980ರ ದಶಕದಲ್ಲಿ ಪಾಚಿಯ ಕಾಟವನ್ನು ತಡೆಯಲು ಜಪಾನಿನದೇ ಒಂದು ಸಿಗಡಿಯನ್ನು ಬಳಕೆಗೆ ತಂದರು. 2015ರಲ್ಲಿ ಅಮಾನೊ ತೀರಿಕೊಂಡರು. ಆ ಸಿಗಡಿ ಈಗಲೂ ಲೋಕದ ತುಂಬ ಅವರ ಹೆಸರಿನಲ್ಲೇ ಬಾಳುತ್ತಿದೆ.

ಇಷ್ಟು ಪೀಠಿಕೆ ಸಾಕು. ಮನೆಯಲ್ಲಿ ಇಂಥದೊಂದು ತೊಟ್ಟಿಯನ್ನು ಹೂಡುವುದು ಹೇಗೆ? ಮೊದಲಿಗೆ ಒಂದು ಸೂತ್ರವನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಅದರ ವ್ಯಾಖ್ಯಾನ: ಸಿಗಡಿ ಸಾಕುವವನು ನಿಜವಾಗಿ ಸಾಕುವುದು ನೀರನ್ನು. ನೀರು ಬದುಕಿದ್ದರೆ ಸಿಗಡಿ ತನ್ನ ಪಾಡಿಗೆ ತಾನು ಬದುಕುತ್ತದೆ.

ಈ ತತ್ತ್ವ ಹೊಸದೇನಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ನೀರುಗಿಡವನ್ನೂ ಇಟ್ಟನು. ಗಿಡ ಮೀನಿಗೆ ಪ್ರಾಣವಾಯುವನ್ನು ಕೊಡುತ್ತದೆ, ಆದ್ದರಿಂದ ನೀರನ್ನು ಬದಲಿಸದೆಯೇ ಎರಡೂ ಬದುಕಬೇಕು ಎಂಬುದು ಅವನ ಎಣಿಕೆ. ಆದರೆ ಗಿಡದ ಎಲೆಗಳು ಕೊಳೆತು ನೀರು ಕದಡಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನು ತಿಂದುವು, ನೀರು ತಿಳಿಯಾಯಿತು. 1850ರಲ್ಲಿ ಅವನು ಈ ಪ್ರಯೋಗವನ್ನು ಪ್ರಕಟಿಸಿದನು. ಉಣ್ಣುವವನು, ಉಣಿಸುವವನು, ಎಂಜಲೆತ್ತುವವನು ಈ ಮೂವರೂ ಇದ್ದರೇ ಮನೆ ಎಂಬ ಪಾಠ ಅದರಲ್ಲಿದೆ. ನಮ್ಮ ಸಿಗಡಿ ಈ ಮೂವರಲ್ಲಿ ಎಂಜಲೆತ್ತುವ ಜಾತಿಯದು.

ತೊಟ್ಟಿ ದೊಡ್ಡದಾಗಬೇಕಿಲ್ಲ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರವಿದ್ದರೆ ಸುಮಾರು 40 ಲೀಟರು ನೀರು ಹಿಡಿಯುತ್ತದೆ. ತೀರ ಚಿಕ್ಕದಾದರೆ ಸುಲಭವೆಂದು ಭಾವಿಸುವವರುಂಟು; ನಿಜ ಇದಕ್ಕೆ ವಿರುದ್ಧ. ನೀರು ಕಡಿಮೆಯಾದಷ್ಟೂ ಅದು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 40 ಲೀಟರು ನೀರೆಂದರೆ 40 ಕಿಲೋ ತೂಕ. ಅದಕ್ಕೆ ಮರಳು, ಗಾಜು ಸೇರುತ್ತದೆ. ಕುರ್ಚಿಯ ಮೇಲೆಯೋ ಪುಸ್ತಕದ ಬೀರುವಿನ ಮೇಲೆಯೋ ಇಡುವ ವಸ್ತುವಲ್ಲ ಇದು; ಅಲುಗದ ಮೇಜು ಬೇಕು. ಬಿಸಿಲು ನೇರ ಬೀಳುವ ಕಿಟಕಿಯ ಬಳಿ ಬೇಡ. ಅಲ್ಲಿ ಇಟ್ಟರೆ ಪಾಚಿ ಗೋಡೆ ಕಟ್ಟುತ್ತದೆ, ನೀರು ಕಾದು ಹೋಗುತ್ತದೆ.

ತಳಕ್ಕೆ ಚೆನ್ನಾಗಿ ತೊಳೆದ ಸಣ್ಣ ಗರಸು ಮರಳು ಎರಡು ಬೆರಳಷ್ಟು ದಪ್ಪ. ಅದರ ಮೇಲೆ ಒಂದೆರಡು ಕಲ್ಲು, ಜಾವಾ ಪಾಚಿಗಿಡ. ಅದನ್ನು ಕಲ್ಲಿಗೆ ದಾರದಿಂದ ಕಟ್ಟಿದರಾಯಿತು, ಹಬ್ಬಿಕೊಳ್ಳುತ್ತದೆ. ಇನ್ನು ಸೋಸುವ ಸಾಧನ. ಜೋರಾಗಿ ನೀರೆಳೆಯುವ ಯಂತ್ರ ಬೇಡ, ಅದು ಮರಿಗಳನ್ನು ನುಂಗಿಬಿಡುತ್ತದೆ. ಸಣ್ಣ ಗಾಳಿಪಂಪಿಗೆ ನಳಿಗೆಯಿಂದ ಸೇರಿಸಿದ ಸ್ಪಂಜಿನ ಫಿಲ್ಟರೊಂದು ಸಾಕು. ಗುಳ್ಳೆಗಳು ಮೇಲೇರುವಾಗ ನೀರು ಸ್ಪಂಜಿನ ಮೂಲಕ ಮೆಲ್ಲಗೆ ಹಾಯುತ್ತದೆ.

ಇಷ್ಟಾದಮೇಲೆ, ಸಿಗಡಿಯನ್ನು ಯಾವಾಗ ತರಬೇಕು? ಅದೇ ದಿನ ಸಂಜೆಗೆ ತರಬೇಕೆಂದು ಎಲ್ಲರ ಮನಸ್ಸೂ ತುಡಿಯುತ್ತದೆ. ಈ ತುಡಿತಕ್ಕೇ ಅಸಂಖ್ಯ ಜೀವಗಳು ಬಲಿಯಾಗುವುದು. ತೊಟ್ಟಿ ಸಿದ್ಧವಾದಮೇಲೆ ನಾಲ್ಕರಿಂದ ಆರು ವಾರ ಅದು ಖಾಲಿಯಾಗಿಯೇ ಇರಬೇಕು. ಏಕೆಂದು ಹೇಳುತ್ತೇನೆ.

ನೀರಿನಲ್ಲಿರುವ ಯಾವ ಪ್ರಾಣಿಯೂ ತನ್ನ ಮಲಿನವನ್ನು ಆ ನೀರಿಗೇ ಬಿಡಬೇಕು. ಅದರಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ, ಅದು ವಿಷ. ನೀರಿನಲ್ಲಿ ನೆಲೆಸುವ ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟನ್ನಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಸುತ್ತವೆ. ಅದು ಅಷ್ಟು ಹಾನಿಕರವಲ್ಲ, ಗಿಡಗಳಿಗೆ ಆಹಾರ ಕೂಡ. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಾಣುಗಳ ಬದುಕಿನ ಗುಟ್ಟನ್ನು ಬಿಡಿಸಿದನು. ಹೊಸ ತೊಟ್ಟಿಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಈ ಅಗೋಚರ ಜೀವಿಗಳ ಸಂಸಾರ ಇನ್ನೂ ಬೆಳೆದಿರುವುದಿಲ್ಲ. ಸ್ಪಂಜಿನ ರಂಧ್ರಗಳಲ್ಲಿ, ಮರಳಿನ ಕಣಕಣದಲ್ಲಿ ಅವು ನೆಲೆಯೂರಬೇಕು. ಅದಕ್ಕೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತ ಬರಬೇಕು. ಯಾರೂ ಇಲ್ಲದ ಮನೆಗೆ ಎಡೆಯಿಟ್ಟಂತೆ! ನೀರನ್ನು ಪರೀಕ್ಷಿಸುವ ದ್ರವಗಳು ಅಂಗಡಿಯಲ್ಲಿ ದೊರೆಯುತ್ತವೆ. ಅಮೋನಿಯ, ನೈಟ್ರೈಟು ಎರಡೂ ಸೊನ್ನೆಗೆ ಇಳಿದು ನೈಟ್ರೇಟು ಕಾಣಿಸಿಕೊಂಡಿತೆಂದರೆ ಮನೆ ಸಿದ್ಧವಾಯಿತೆಂದು ಅರ್ಥ.

ಈ ಕಾಲವನ್ನು ತುಸು ಕಡಿಮೆ ಮಾಡುವ ಉಪಾಯವೊಂದುಂಟು; ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಮೊಸರಾಗಲು ಪಕ್ಕದ ಮನೆಯಿಂದ ಹೆಪ್ಪು ತರುತ್ತೇವಷ್ಟೆ. ಹಾಗೆಯೇ ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜನ್ನು ಬೇಡಿ ತಂದು ಹೊಸ ತೊಟ್ಟಿಗೆ ಹಾಕಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಇಂಥ ಹೆಪ್ಪನ್ನು ತಂದುಕೊಟ್ಟ. ಗುರುವಿಗೆ ಕೊಳೆತ ಸ್ಪಂಜನ್ನು ಕಾಣಿಕೆಯಾಗಿ ಕೊಡುವ ಶಿಷ್ಯ ಅಪರೂಪ; ಅದನ್ನು ಸಂತೋಷದಿಂದ ಸ್ವೀಕರಿಸುವ ಗುರು ಇನ್ನೂ ಅಪರೂಪ. ಹೆಪ್ಪಿದ್ದರೂ ಹಾಲು ಮೊಸರಾಗಲು ರಾತ್ರಿ ಕಳೆಯಬೇಕಲ್ಲವೆ? ಇಲ್ಲಿಯೂ ಪರೀಕ್ಷೆಯ ಬಣ್ಣ ಹೇಳುವವರೆಗೆ ಕಾಯಲೇಬೇಕು.

ಆ ದಿನಗಳಲ್ಲಿ ನೆರೆಮನೆಯವರೊಬ್ಬರು ಬಂದು, ಬಹಳ ಹೊತ್ತು ಗಾಜಿನತ್ತ ಬಗ್ಗಿ ನೋಡಿ, “ಮೇಷ್ಟ್ರೆ, ಇದರಲ್ಲಿ ಏನೂ ಇಲ್ಲವಲ್ಲ” ಎಂದರು. “ಇದೆ ಸ್ವಾಮಿ, ಕಾಣುವುದಿಲ್ಲ ಅಷ್ಟೆ” ಎಂದೆ. ಅವರು ಅದನ್ನು ವೇದಾಂತವೆಂದು ತಿಳಿದು ಕಾಫಿ ಕುಡಿದು ಹೋದರು.

ನೀರಿನ ಮಾತು ಇನ್ನೂ ಮುಗಿದಿಲ್ಲ. ನಮ್ಮ ನಾಡಿನಲ್ಲಿ ನೀರು ಊರಿಗೊಂದು ಬಗೆ. ಕೊಳಾಯಿಯ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ನಮ್ಮನ್ನು ಕಾಯುವ ಅದು ತೊಟ್ಟಿಯ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಇದೇ ಕಾರಣಕ್ಕೆ ಸ್ಪಂಜನ್ನು ಕೊಳಾಯಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಗುರವಾಗಿ ಅದ್ದಿ ಹಿಂಡಬೇಕು. ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸು. ಈ ಸಿಗಡಿಗೆ ಮಿತವಾದ ಗಡಸು ಹಿತವೇ, ಅದರ ಚಿಪ್ಪಿಗೆ ಸುಣ್ಣದಂಶ ಬೇಕು. ಅತಿಯಾದರೆ ಮಾತ್ರ ಮನೆಯ ಶುದ್ಧೀಕರಣ ಯಂತ್ರದ ನೀರನ್ನು ಬೆರೆಸಿ ತಿಳಿಗೊಳಿಸಬೇಕು. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರಾದರೋ ಸಾಮಾನ್ಯವಾಗಿ ಮೆದುವಾದದ್ದು, ಸ್ವಲ್ಪ ಆಮ್ಲಗುಣದ್ದು. ಅಲ್ಲಿ ಸುಣ್ಣಕಲ್ಲಿನ ಒಂದು ಚೂರನ್ನು ತೊಟ್ಟಿಯಲ್ಲಿ ಇಡುವುದು ಲೇಸು.

ಇನ್ನೆರಡು ಎಚ್ಚರಿಕೆಗಳು ನಮ್ಮ ಮನೆಗಳಿಗೇ ವಿಶೇಷವಾಗಿ ಸಲ್ಲುವಂಥವು. ತಾಮ್ರದ ಕೊಡದಲ್ಲಿಟ್ಟ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಕುಡಿಯುತ್ತೇವೆ. ಆ ನೀರನ್ನು ಸಿಗಡಿಗೆ ಎಂದೂ ಹಾಕಬಾರದು. ಕರಗಿದ ತಾಮ್ರ ಅದಕ್ಕೆ ಘೋರ ವಿಷ. ವಿಚಿತ್ರವೆಂದರೆ ಸಿಗಡಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ತಾಮ್ರವೇ, ನಮ್ಮಲ್ಲಿ ಕಬ್ಬಿಣವಿರುವಂತೆ. ಒಳಗೆ ಜೀವವನ್ನು ಹೊತ್ತು ತಿರುಗುವ ಲೋಹವೇ ಹೊರಗಿನಿಂದ ಬಂದರೆ ಪ್ರಾಣಾಂತಿಕ! ಎರಡನೆಯದು ಸೊಳ್ಳೆ, ಜಿರಲೆಗಳ ಮೇಲೆ ನಾವು ಎರಚುವ ಔಷಧ. ಸಿಗಡಿ ಕೀಟಗಳಿಗೆ ನಂಟು. ಕೀಟವನ್ನು ಕೊಲ್ಲುವ ಔಷಧ ಅದನ್ನೂ ಕೊಲ್ಲುತ್ತದೆ. ಸೊಪ್ಪುತರಕಾರಿಗಳ ಮೇಲಿನ ಕೀಟನಾಶಕಕ್ಕೂ ಇದೇ ಮಾತು.

ಮನೆ ಸಿದ್ಧವಾದಮೇಲೆ ಹತ್ತು ಸಿಗಡಿಗಳನ್ನು ತನ್ನಿ, ಹೆಚ್ಚು ಬೇಡ. ಮೀನುಗಳನ್ನಂತೂ ಜೊತೆಗೆ ಬಿಡಲೇಬೇಡಿ, ಮರಿಗಳು ಅವುಗಳ ಬಾಯಿಗೆ ತುತ್ತಾಗುತ್ತವೆ. ಚೀಲದ ನೀರಿನೊಡನೆ ಅವನ್ನು ಒಂದು ಪಾತ್ರೆಗೆ ಹುಯ್ದು, ತೊಟ್ಟಿಯ ನೀರನ್ನು ಸಣ್ಣ ನಳಿಗೆಯಿಂದ ತೊಟ್ಟುತೊಟ್ಟಾಗಿ, ಆಸ್ಪತ್ರೆಯಲ್ಲಿ ಸಲೈನ್ ಏರಿಸುವ ರೀತಿಯಲ್ಲಿ, ಒಂದೆರಡು ಗಂಟೆ ಅದಕ್ಕೆ ಬೆರೆಸಬೇಕು. ಹೊಸ ನೀರಿಗೆ ದೇಹ ಹೊಂದಿಕೊಳ್ಳಲು ಅವಕಾಶ ಬೇಕು. ಹೊಸದಾಗಿ ಬಂದ ಸೊಸೆಗೂ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತನಿಗೂ ನಾವು ಇಷ್ಟು ಸೌಜನ್ಯವನ್ನು ತೋರುವುದಿಲ್ಲವೆಂಬುದು ಬೇರೆ ಮಾತು.

ಬಿಟ್ಟಮೇಲೆ ನೋಡಿ. ಹತ್ತು ನಡೆಗಾಲುಗಳು, ಹೊಟ್ಟೆಯ ಕೆಳಗೆ ಈಜುಗಾಲುಗಳು. ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಚಿಮಟ, ಅದಕ್ಕೆ ಕುಂಚದಂಥ ಕೂದಲು. ಕಲ್ಲು, ಎಲೆ, ಗಾಜು ಎಲ್ಲವನ್ನೂ ಅವು ಕೆರೆಯುತ್ತ, ಕೆರೆದದ್ದನ್ನು ಬಾಯಿಗಿಡುತ್ತ ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತವೆ. ಅವು ತಿನ್ನುವುದು ನಮ್ಮ ಕಣ್ಣಿಗೆ ಕಾಣದ ಒಂದು ಪೊರೆಯನ್ನು. ಪಾಚಿ, ಸೂಕ್ಷ್ಮಾಣುಗಳು ಸೇರಿ ಎಲ್ಲ ವಸ್ತುಗಳ ಮೇಲೂ ಹೆಣೆದ ತೆಳುವಾದ ಲೇಪ ಅದು. ಕನ್ನಡದಲ್ಲಿ ಪೊರೆ ಎಂಬುದು ನಾಮಪದವಾದರೆ ತೆಳುಪದರ, ಕ್ರಿಯಾಪದವಾದರೆ ಸಲಹು ಎಂದರ್ಥ. ಪೊರೆಯೇ ಪೊರೆಯುವುದನ್ನು ನಾನು ಕಂಡದ್ದು ಈ ತೊಟ್ಟಿಯಲ್ಲಿ.

ಆದಕಾರಣ ನಾವು ಹಾಕುವ ಆಹಾರ ಅತಿ ಸ್ವಲ್ಪವಾಗಿರಬೇಕು. ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟು. ಇಲ್ಲವೆ ಚೆನ್ನಾಗಿ ತೊಳೆದು ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಎಲೆಯ ಒಂದು ತುಣುಕು, ಉಳಿದದ್ದನ್ನು ಕೆಲವು ಗಂಟೆಗಳಲ್ಲಿ ತೆಗೆದುಬಿಡಬೇಕು. “ಇನ್ನೊಂದು ತುತ್ತು, ನನ್ನಾಣೆ” ಎಂದು ಬಡಿಸುವ ನಮ್ಮ ಉಪಚಾರ ಇಲ್ಲಿ ಕೊಲೆಗೆ ಸಮಾನ. ಮಿಕ್ಕ ಅನ್ನವೇ ಅಮೋನಿಯವಾಗುವುದು. ನಮ್ಮ ಶಾಲೆಗಳ ಅಂಗಳದಲ್ಲಿ ಕೊಡೆ ಹಿಡಿದಂತೆ ನಿಲ್ಲುವ ಬಾದಾಮಿ ಮರ ನಿಮಗೆ ಗೊತ್ತು. ಅದರ ಎಲೆ ಕೆಂಪೇರಿ ಉದುರಿ ಒಣಗಿದಮೇಲೆ ಒಂದನ್ನು ತೊಳೆದು ತೊಟ್ಟಿಯಲ್ಲಿ ಹಾಕಿದರೆ ಸಿಗಡಿಗಳು ವಾರಗಟ್ಟಲೆ ಅದನ್ನು ಮೇಯ್ದು ನರಗಳ ಜಾಲರಿಯನ್ನು ಮಾತ್ರ ಉಳಿಸುತ್ತವೆ. ನಾವು ಗುಡಿಸಿ ಸುಡುವ ಈ ಎಲೆಯನ್ನು ಅನ್ಯದೇಶಗಳಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ.

ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಬಣ್ಣವಿಲ್ಲದ ಸಿಗಡಿಯೊಂದು ತಳದಲ್ಲಿ ಬಿದ್ದಿರುವುದನ್ನು ಕಂಡು ಮನೆಯ ಮಕ್ಕಳು ಅಳತೊಡಗಬಹುದು. ಅದು ಹೆಣವಲ್ಲ, ಕಳಚಿದ ಚಿಪ್ಪು. ಮೈ ಬೆಳೆದಾಗ ಹಳೆಯ ಕವಚ ಸಾಲದಾಗುತ್ತದೆ; ಹಾವಿನಂತೆ ಸಿಗಡಿಯೂ ಅದನ್ನು ಬಿಟ್ಟು ಹೊರಬರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಗಿಡದ ಮರೆಯಲ್ಲಿ ಅವಿತಿರುತ್ತದೆ. ಹಳೆಯ ಚಿಪ್ಪನ್ನು ತೆಗೆಯಬೇಡಿ, ಅದನ್ನೇ ತಿಂದು ಸುಣ್ಣದಂಶವನ್ನು ಮರಳಿ ಪಡೆಯುತ್ತವೆ. ನೀರನ್ನು ಒಮ್ಮೆಗೇ ಬಹಳವಾಗಿ ಬದಲಿಸಿದರೆ ಅಕಾಲದಲ್ಲಿ ಚಿಪ್ಪು ಕಳಚಿ ಪ್ರಾಣಿ ಸಾಯುವುದುಂಟು. ವಾರಕ್ಕೆ ಹತ್ತರಲ್ಲಿ ಒಂದು ಪಾಲು ಬದಲಿಸಿದರೆ ಸಾಕು.

ಎಲ್ಲವೂ ಹಿತವಾಗಿದ್ದರೆ ಹೆಣ್ಣು ಸಿಗಡಿ ಹೊಟ್ಟೆಯ ಕೆಳಗಿನ ಈಜುಗಾಲುಗಳ ನಡುವೆ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊತ್ತು ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ವಾರ ಆ ಕಾಲುಗಳಿಂದ ಮೊಟ್ಟೆಗಳಿಗೆ ನೀರು ಬೀಸುತ್ತಲೇ ಇರುತ್ತದೆ, ತೊಟ್ಟಿಲು ತೂಗುವ ತಾಯಿಯಂತೆ. ಮರಿಗಳು ಹೊರಬರುವಾಗಲೇ ತಾಯಿಯ ಪಡಿಯಚ್ಚು, ಸಾಸುವೆಯಷ್ಟು ಗಾತ್ರ. ದೊಡ್ಡ ಸಿಗಡಿಗಳ ಆಯುಸ್ಸು ಒಂದರಿಂದ ಎರಡು ವರ್ಷ. ಒಂದು ಹೋಗುತ್ತದೆ, ಅಷ್ಟರಲ್ಲಿ ಅದರ ಮೊಮ್ಮಕ್ಕಳು ಅದೇ ಕಲ್ಲನ್ನು ಕೆರೆಯುತ್ತಿರುತ್ತವೆ. ನನ್ನ ವಯಸ್ಸಿನವರಿಗೆ ಈ ದೃಶ್ಯ ದುಃಖವನ್ನಲ್ಲ, ಒಂದು ಬಗೆಯ ನಿರಾಳವನ್ನು ತರುತ್ತದೆ.

ನಮ್ಮ ಬೇಸಗೆ ಒಂದು ಪರೀಕ್ಷೆ. ಇಪ್ಪತ್ತರಿಂದ ಇಪ್ಪತ್ತಾರು ಡಿಗ್ರಿ ಸೆಲ್ಸಿಯಸ್ ಇವಕ್ಕೆ ಹಿತ. ಮೂವತ್ತು ದಾಟಿದರೆ ಸಂಕಟ, ಏಕೆಂದರೆ ಬಿಸಿನೀರು ಪ್ರಾಣವಾಯುವನ್ನು ಕಡಿಮೆ ಹಿಡಿಯುತ್ತದೆ. ಮುಚ್ಚಳ ತೆಗೆದು ಸಣ್ಣ ಫ್ಯಾನಿನ ಗಾಳಿ ಬೀಸಿದರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ತಣಿಯುತ್ತದೆ. ಮಣ್ಣಿನ ಹೂಜಿಯ ತತ್ತ್ವವೇ ಇದು. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಇಷ್ಟು ಉಪಾಯ ಸಾಲದು. ಅಲ್ಲಿಯವರು ಬೇಸಗೆಯ ಏರ್ಪಾಡನ್ನು ಮೊದಲು ಯೋಚಿಸಿ ಆಮೇಲೆ ಸಾಕುವುದು ವಿಹಿತ.

ಇನ್ನು ಕೆರೆಯ ಮಾತು. ಸಾಕಿ ಸಾಕಾದವರು, “ಪಾಪ, ಹೋಗಿ ಬದುಕಿಕೊಳ್ಳಲಿ” ಎಂದು ಸಿಗಡಿಗಳನ್ನು ಹತ್ತಿರದ ತೊರೆಗೋ ಕೆರೆಗೋ ಬಿಡುವುದುಂಟು. ಇದು ದಯೆಯಲ್ಲ. ಜರ್ಮನಿಯಲ್ಲಿ ವಿದ್ಯುದಾಗಾರದ ಬಿಸಿನೀರು ಸೇರುವ ತೊರೆಯೊಂದರಲ್ಲಿ, ಪೋಲೆಂಡಿನಲ್ಲಿ, ಜಪಾನಿನಲ್ಲಿ ಹೀಗೆ ಬಿಟ್ಟ ಸಿಗಡಿಗಳು ಬೇರೂರಿವೆ. ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲಿ ನಮ್ಮವೇ ಆದ ಸಣ್ಣ ಸಿಗಡಿಗಳುಂಟು. ಬಣ್ಣವಿಲ್ಲದ ಅವು ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ. ಪರದೇಶದ ಅತಿಥಿಗಾಗಿ ಅವುಗಳ ಮನೆಯನ್ನು ಬಿಟ್ಟುಕೊಡಲು ನಮಗೆ ಅಧಿಕಾರವಿಲ್ಲ.

ಮೇಜಿನ ಮೇಲಿನ ತೊಟ್ಟಿಗೂ ಊರ ಕೆರೆಗೂ ಲೆಕ್ಕಾಚಾರ ಒಂದೇ. ಅಗೋಚರ ಜೀವಿಗಳು ಎಷ್ಟು ಮಲಿನವನ್ನು ಅರಗಿಸಿಕೊಳ್ಳಬಲ್ಲವೋ ಅಷ್ಟನ್ನು ಮಾತ್ರ ನೀರು ಸಹಿಸುತ್ತದೆ. 2015ರಲ್ಲಿ, ಮತ್ತೆ 2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಬೀದಿಗೆ ಹಾರಿಬಂದುದನ್ನೂ ಆ ಕೆರೆಗೇ ಬೆಂಕಿ ಹತ್ತಿದುದನ್ನೂ ನಾವು ಕಂಡೆವು. ನೀರು ಉರಿಯಿತೆಂದು ಜನ ಬೆರಗಾದರು. ಊರಿನ ಕೊಳಚೆಯನ್ನು ಶುದ್ಧಿಮಾಡದೆ ವರ್ಷಾನುವರ್ಷ ಕೆರೆಗೆ ಹರಿಸಿದುದರ ಫಲ ಅದು. 40 ಲೀಟರಿನ ತೊಟ್ಟಿಯಲ್ಲಿ ಒಂದು ಚಿಟಿಕೆ ಹೆಚ್ಚಿನ ಆಹಾರ ಏನು ಮಾಡಬಲ್ಲುದೆಂದು ಕಂಡವನಿಗೆ ಅದರಲ್ಲಿ ಬೆರಗೇನೂ ಉಳಿಯುವುದಿಲ್ಲ, ನಾಚಿಕೆ ಉಳಿಯುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಇಂಥದೊಂದು ತೊಟ್ಟಿಯನ್ನು ಹೂಡಿ ಎಂದು ನಾನು ಬಿನ್ನವಿಸುವುದು ಈ ಕಾರಣಕ್ಕೆ. ಮೊದಲ ತಿಂಗಳು ಖಾಲಿ ನೀರನ್ನು ತೋರಿಸಿ, ಪರೀಕ್ಷೆಯ ಬಣ್ಣ ದಿನದಿನಕ್ಕೂ ಬದಲಾಗುವುದನ್ನು ಅವರ ಕೈಯಿಂದಲೇ ಪುಸ್ತಕದಲ್ಲಿ ಬರೆಸಿ. ಕಾಣದ ಜೀವಕ್ಕಾಗಿ ಒಂದು ತಿಂಗಳು ಕಾದ ಮಗು ದೊಡ್ಡದಾದಮೇಲೆ ಕೆರೆಗೆ ಕಸ ಸುರಿಯಲು ಹೊರಟವರ ಕೈಹಿಡಿದು ನಿಲ್ಲಿಸೀತು.